ಹನ್ನೊಂದು ತಿಂಗಳ ಏದುಸಿರು

ದೆವ್ವದ ಕಾದಂಬರಿ ಬರೆದವನಿಗೆ ಎದೆಗಾರಿಕೆ ಹೆಚ್ಚು ಎಂದು ಓದುಗರು ತಿಳಿದುಕೊಳ್ಳುತ್ತಾರೆ. ಅದು ಓದುಗರ ತಪ್ಪಲ್ಲ, ಪುಸ್ತಕದ ಹಿಂಬದಿಯಲ್ಲಿ ಅಚ್ಚಾಗುವ ಫೋಟೋದ ತಪ್ಪು. ನಮ್ಮ ಕಾದಂಬರಿಕಾರ ತನ್ನ ಫೋಟೋದಲ್ಲಿ ಗದ್ದಕ್ಕೆ ಕೈಕೊಟ್ಟು, ಹುಬ್ಬು ಗಂಟಿಕ್ಕಿ, ನೋಡುವವರನ್ನೇ ದಿಟ್ಟಿಸುತ್ತಾನೆ. ಫ್ಲ್ಯಾಶ್ ಬೆಳಕಿಗೆ ಅವನು ಮೂರು ಸಲ ಬೆಚ್ಚಿಬಿದ್ದಿದ್ದು, ನಾಲ್ಕನೆಯ ಸಲಕ್ಕೆ ಹೆಂಡತಿ ಹಿಂದಿನಿಂದ ಅವನ ಅಂಗಿ ಹಿಡಿದು ಕೂರಿಸಿದ್ದು ಆ ಫೋಟೋದಲ್ಲಿ ಕಾಣುವುದಿಲ್ಲ.

ಹೊಟ್ಟೆಪಾಡಿಗೆ ಅವನು ನೀರು ಸರಬರಾಜು ಕಚೇರಿಯ ಮೀಟರ್ ರೀಡರು. ತಿಂಗಳ ಮೊದಲ ವಾರ ಸೈಕಲ್ಲೇರಿ ಮನೆಮನೆಗೆ ಹೋಗಬೇಕು, ಮೀಟರಿನ ಮುಚ್ಚಳ ಎತ್ತಬೇಕು, ಗಾಜು ಒರೆಸಿ ಅಂಕಿ ನೋಡಿ ಉದ್ದನೆಯ ರೀಡಿಂಗ್ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಒಂಬತ್ತು ವರ್ಷದಿಂದ ಈ ಕೆಲಸದಲ್ಲಿದ್ದರೂ ಅವನಿನ್ನೂ ಹಂಗಾಮಿ ನೌಕರ. ಖಾಯಂ ಮಾಡುವ ಆದೇಶ ಟೈಪಾಗಿ ಸಿದ್ಧವಿತ್ತು, ಅದಕ್ಕೆ ಸಾಹೇಬರದೊಂದು ಸಹಿ ಬೀಳುವುದಷ್ಟೇ ಬಾಕಿ. ಆ ಒಂದು ಸಹಿಗಾಗಿ ಅವನೂ ಅವನ ಹೆಂಡತಿಯೂ ಒಟ್ಟಿಗೇ ಇರುವ ಅತ್ತೆಯೂ ಬೆಳಗಾದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಇಂಥ ಹೊತ್ತಿನಲ್ಲೇ 'ಕೆಳಗಿನವಳು' ಎಂಬ ಅವನ ಕಾದಂಬರಿ ಹೊರಬಂತು. ಒಂದು ಮನೆಯ ನೆಲಮಾಳಿಗೆ, ಅಲ್ಲಿ ಒಬ್ಬಳಿದ್ದಾಳೆ, ಯಾರೂ ಅವಳನ್ನು ನೋಡಿಲ್ಲ, ಉಸಿರು ಮಾತ್ರ ಕೇಳಿಸುತ್ತದೆ. ಇಷ್ಟೇ ಕಥೆ, ನಾನೂರು ಪುಟ. ಜನ ಅದನ್ನು ಓದಿ ದೀಪ ಆರಿಸದೆ ಮಲಗಿದರಂತೆ. ಒಬ್ಬ ಓದುಗರು ತಮ್ಮ ಮನೆಯ ನೆಲಮಾಳಿಗೆಗೆ ಮಣ್ಣು ತುಂಬಿಸಿ, ಪ್ರಕಾಶಕರಿಗೆ ಮೆಚ್ಚುಗೆಯ ಕಾಗದ ಬರೆದರು. ಕೊನೆಗೆ ವಾರಪತ್ರಿಕೆಯ ಸಂಪಾದಕರೇ ಬರೆದು, ಈ ಕಥೆಗೆ ಪ್ರೇರಣೆ ಏನೆಂದು ಒಂದು ಪುಟ ಬರೆದುಕೊಡಿ, ಓದುಗರು ಕೇಳುತ್ತಿದ್ದಾರೆ ಎಂದರು.

ಇಲ್ಲಿ ಅವನು ಒಂದು ಸುಳ್ಳು ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ಬರಹಗಾರರಿಗೆ ಇಂಥ ಹೊತ್ತಿಗೆಂದೇ ಅಜ್ಜಿ ಹೇಳಿದ ಕಥೆಯಿದೆ, ಬಾಲ್ಯದ ಜ್ವರವಿದೆ, ಬೆಳಗಿನ ಜಾವದ ಕನಸಿದೆ. ಯಾವ ಅಜ್ಜಿಯೂ ಎದ್ದುಬಂದು ನಾನು ಹೇಳಿಲ್ಲ ಎನ್ನುವುದಿಲ್ಲ. ಆದರೆ ನಮ್ಮವನಿಗೆ ಇದು ಮೊದಲ ಪುಸ್ತಕ. ಬರಹಗಾರ ತನ್ನ ಎದೆಯೊಳಗಿನ ಸತ್ಯ ಬಿಚ್ಚಿಟ್ಟರೆ ಬರಹಕ್ಕೆ ತೂಕ ಬರುತ್ತದೆಂದು ಎಲ್ಲೋ ಓದಿದ್ದ. ಮೂರು ದಿನ ಕೂತು ಸತ್ಯ ಬಿಚ್ಚಿದ.

ತನ್ನ ಸುತ್ತಿನಲ್ಲಿ ಒಂದು ಮನೆಯಿದೆ ಎಂದು ಬರೆದ. ಆ ಮನೆಯ ಮೀಟರು ನೆಲಮಾಳಿಗೆಯಲ್ಲಿದೆ. ಪಕ್ಕದ ಓಣಿಯಿಂದ ಒಳಹೊಕ್ಕರೆ ಕೆಳಗಿಳಿಯುವ ಮೆಟ್ಟಿಲು, ಮೆಟ್ಟಿಲ ಕೆಳಗೆ ಹಾಡಹಗಲಲ್ಲೂ ಕತ್ತಲು. ಈ ಸುತ್ತು ತನ್ನ ಪಾಲಿಗೆ ಬಂದ ಮೊದಲ ತಿಂಗಳು ಮೆಟ್ಟಿಲ ತಲೆಯಲ್ಲಿ ನಿಂತಾಗ ಕೆಳಗಿನಿಂದ ಗೊರಗೊರ ಎಂದು ಒಂದು ಸದ್ದು ಬಂತು. ಕಾಲು ಏಳಲಿಲ್ಲ. ಮನೆಗೆ ಬಂದು, ಕೆಳಗೆ ಏನಿದ್ದೀತೆಂದು ಯೋಚಿಸುತ್ತ ಮೊದಲ ಅಧ್ಯಾಯ ಬರೆದ. ಲೇಖನದ ಕೊನೆ ಹೀಗಿತ್ತು: 'ಹನ್ನೊಂದು ತಿಂಗಳು, ಪ್ರತಿ ನಾಲ್ಕನೆಯ ತಾರೀಖು, ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ಆ ಮೆಟ್ಟಿಲ ತಲೆಯಲ್ಲಿ ನಿಂತೆ. ಒಮ್ಮೆಯೂ ಇಳಿಯಲಿಲ್ಲ. ಇಳಿಯದೆ ಉಳಿದದ್ದೇ ಈ ಕಾದಂಬರಿ.' ಬರೆದ ಮೇಲೆ ಅವನಿಗೇ ಮೈ ಜುಮ್ಮೆಂದಿತು. ಆ ಜುಮ್ಮು ಇಳಿಯುವ ಮೊದಲೇ ಲಕೋಟೆಗೆ ಅಂಟು ಹಚ್ಚಿ ಅಂಚೆಗೆ ಹಾಕಿಬಂದ.

ಅವನ ಹೆಂಡತಿ ಶಾಲೆಯಲ್ಲಿ ಗಣಿತದ ಟೀಚರು. ಲೇಖನ ಅಚ್ಚಾಗಿ ಬಂದ ಭಾನುವಾರ ಆಕೆ ಕಾಫಿ ಕುಡಿಯುತ್ತ ಅದನ್ನು ಓದಿದಳು. ಇನ್ನೇನು ಹೊಗಳುತ್ತಾಳೆಂದು ಇವನು ಕಿಟಕಿಯ ಹೊರಗೆ ನೋಡುತ್ತ, ಏನೂ ನಿರೀಕ್ಷಿಸದವನ ಭಂಗಿಯಲ್ಲಿ ಕೂತಿದ್ದ. ಆಕೆ ಪತ್ರಿಕೆಯನ್ನು ಮಡಿಸಿ ಮೇಜಿನ ಮೇಲಿಟ್ಟಳು.

"ಕೆಳಗೆ ಇಳಿಯಲೇ ಇಲ್ಲ ಅಂದ್ಮೇಲೆ ರೀಡಿಂಗ್ ಎಲ್ಲಿಂದ ಬಂತು?"

ನಮ್ಮ ಕಾದಂಬರಿಕಾರ ಕಿಟಕಿ ಬಿಟ್ಟು ಅವಳ ಕಡೆ ತಿರುಗಿದ. ಸತ್ಯವನ್ನು ಬಿಚ್ಚುವ ಭರದಲ್ಲಿ ಆ ಸತ್ಯಕ್ಕೆ ಇನ್ನೊಂದು ಮಗ್ಗುಲಿದೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ರೀಡರುಗಳ ಕೆಲಸದಲ್ಲಿ ಒಂದು ಕ್ರಮವಿದೆ. ಮೀಟರಿನ ಹತ್ತಿರ ಹೋಗಲಾಗದಿದ್ದರೆ ಪುಸ್ತಕದಲ್ಲಿ ಅಂಕಿಯ ಬದಲು 'ಬೀಗ' ಎಂದು ಬರೆಯಬಹುದು. ಎರಡು ತಿಂಗಳು ಬೀಗ ನಡೆಯುತ್ತದೆ. ಮೂರನೆಯ ತಿಂಗಳೂ ಬೀಗವೆಂದರೆ ಸಾಹೇಬರೇ ರೀಡರನ್ನು ಕರೆದುಕೊಂಡು ಸ್ಥಳಕ್ಕೆ ಹೋಗುತ್ತಾರೆ. ಸಾಹೇಬರ ಮುಂದೆ ಆ ಮೆಟ್ಟಿಲು ಇಳಿಯುವುದನ್ನು ನೆನೆದೇ ಇವನು ಬೀಗ ಬರೆಯಲಿಲ್ಲ, ಮೊದಲ ತಿಂಗಳಿಂದಲೇ ಅಂಕಿ ಬರೆದ. ಹೇಗೆಂದರೆ ಹಾಗೆ ಬರೆಯುವ ಜಾತಿಯವನಲ್ಲ ಅವನು. ಬೇಸಿಗೆಯಲ್ಲಿ ಎರಡು ಹೆಚ್ಚು, ಚಳಿಯಲ್ಲಿ ಒಂದು ಕಡಿಮೆ, ನಡುವೆ ಒಂದು ತಿಂಗಳು ಮನೆಗೆ ನೆಂಟರು ಬಂದಿರಬಹುದೆಂದು ನಾಲ್ಕು ಹೆಚ್ಚು, ಹೀಗೆ ಬದುಕಿನ ಏರುಪೇರು ಗಮನಿಸಿ ಬರೆದಿದ್ದ. ಕಾದಂಬರಿಯಲ್ಲಿ ನೆಲಮಾಳಿಗೆಗೆ ನೀರು ನುಗ್ಗುವ ಅಧ್ಯಾಯ ಬರೆದ ತಿಂಗಳು ಮಾತ್ರ ಮೈಮರೆತು ಮೂವತ್ತೊಂದು ಅಂಕಿ ಏರಿಸಿಬಿಟ್ಟಿದ್ದ.

ಹೆಂಡತಿ ಎಲ್ಲವನ್ನೂ ಕೇಳಿದಳು, ಬೈಯಲಿಲ್ಲ. ಅದೇ ಅವನಿಗೆ ಇನ್ನಷ್ಟು ಭಯ ಹುಟ್ಟಿಸಿತು. ಕಚೇರಿಯವರು ಯಾರೂ ಸಾಹಿತ್ಯ ಓದುವವರಲ್ಲ, ಸುಮ್ಮನಿದ್ದರೆ ಗಾಳಿಗೆ ಹಾರಿಹೋಗುತ್ತದೆ, ಸಹಿ ಬೀಳುವ ತನಕ ಪತ್ರಿಕೆ ಯಾರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳೋಣ ಎಂದು ಆಕೆ ಧೈರ್ಯ ಹೇಳಿದಳು. ಅಷ್ಟರಲ್ಲಿ ಅತ್ತೆ ಒಳಗೆ ಬಂದರು. ಬೆಳಿಗ್ಗೆಯೇ ಅಂಗಡಿಗೆ ಹೋಗಿ ಇದ್ದ ಇಪ್ಪತ್ತು ಪ್ರತಿಗಳನ್ನೂ ಕೊಂಡು, ಹತ್ತೊಂಬತ್ತನ್ನು ಹಂಚಿ ಬಂದಿದ್ದರು.

ಅತ್ತೆಯನ್ನು ದೂರುವಂತಿಲ್ಲ. ಒಂಬತ್ತು ವರ್ಷ ಅವರು ಯಾರಾದರೂ ಅಳಿಯ ಏನು ಮಾಡುತ್ತಾರೆಂದು ಕೇಳಿದರೆ "ನೀರಿನ ಇಲಾಖೆಯಲ್ಲಿದ್ದಾರೆ" ಎಂದು ಹೇಳಿ ಮಾತು ತಿರುಗಿಸಿದವರು. ಈಗ ಮೊದಲ ಬಾರಿಗೆ ಮಾತು ತಿರುಗಿಸುವ ಅಗತ್ಯ ಬಿದ್ದಿರಲಿಲ್ಲ. ಯಾರುಯಾರಿಗೆ ಕೊಟ್ಟಿರೆಂದು ಮಗಳು ಕೇಳಿದಾಗ ಬೆರಳು ಮಡಿಸುತ್ತ ಹೇಳಿದರು: ಎದುರುಮನೆ, ಪಕ್ಕದ ಮನೆ, ಔಷಧಿ ಅಂಗಡಿ, ಟೈಲರ್, ಮತ್ತು ಪಾರ್ಕಿನಲ್ಲಿ ಜೊತೆಗೆ ವಾಕಿಂಗ್ ಮಾಡುವ ಆ ಎತ್ತರದ ಹೆಂಗಸು.

"ಆ ಎತ್ತರದ ಹೆಂಗಸು ಯಾರಮ್ಮ?" ಎಂದು ಮಗಳು ಕೇಳಿದಳು.

"ಅಳಿಯಂದಿರ ಸಾಹೇಬರ ಹೆಂಡತಿ ಕಣೆ. ಅವರೇ ಮನೆಗೆ ಹೋಗಿ ಯಜಮಾನರ ಕೈಯಲ್ಲಿ ಓದಿಸ್ತೀನಿ ಅಂದ್ರು."

ಸೋಮವಾರ ನಮ್ಮ ಕಾದಂಬರಿಕಾರ ಕಚೇರಿಗೆ ಹೊರಟಾಗ ಅವನ ಹೆಸರು ರಸ್ತೆ ತುಂಬ ಹಬ್ಬಿತ್ತು. ನೆಲಮಾಳಿಗೆಯಿದ್ದ ಮನೆಯವರೆಲ್ಲ ಅವನನ್ನು ತಡೆದರು. ಟೈಲರ್ ಅಳತೆಯ ಟೇಪು ಕೊರಳಲ್ಲಿಟ್ಟುಕೊಂಡೇ ಹೊರಬಂದು, ತನ್ನ ನೆಲಮಾಳಿಗೆಯಲ್ಲಿ ಹಳೇ ಬಟ್ಟೆಯ ಗಂಟು ಬಿಟ್ಟರೆ ಏನೂ ಇಲ್ಲ, ವಾರಕ್ಕೊಮ್ಮೆ ಗುಡಿಸುತ್ತೇನೆ, ಗಿರಾಕಿಗಳು ಬಂದು ದೆವ್ವ ಇಲ್ಲೇನಾ ಎಂದು ಕೇಳುತ್ತಿದ್ದಾರೆ, ಇದಕ್ಕೆ ಜವಾಬು ಕೊಡಿ ಎಂದ. ಔಷಧಿ ಅಂಗಡಿಯವರ ದೂರು ಇದಕ್ಕೆ ತಿರುಗುಮುರುಗು. ಅವರ ನೆಲಮಾಳಿಗೆ ಟೈಲರನದಕ್ಕಿಂತ ಹಳೆಯದು, ಕತ್ತಲೆಯೂ ಹೆಚ್ಚು, ಅದರೊಳಗೆ ಅವರ ತಾತನೇ ಬಿದ್ದು ಕಾಲು ಮುರಿದುಕೊಂಡಿದ್ದರು. ಅಂಥದ್ದನ್ನು ಬಿಟ್ಟು ಬೇರೆ ಯಾರದೋ ನೆಲಮಾಳಿಗೆಯಿಂದ ಪ್ರೇರಣೆ ಪಡೆದದ್ದು ಅವರಿಗೆ ಅವಮಾನವಾಗಿತ್ತು. ನಮ್ಮವನು ಇಬ್ಬರಿಗೂ ಕೈ ಮುಗಿದು, ಒಬ್ಬರಿಗೆ ನಿಮ್ಮದಲ್ಲ ಎಂದೂ ಇನ್ನೊಬ್ಬರಿಗೆ ಮುಂದಿನ ಕಾದಂಬರಿಯಲ್ಲಿ ನೋಡೋಣ ಎಂದೂ ಹೇಳಿ ಪಾರಾದ.

ಕಚೇರಿಯಲ್ಲಿ ಸಾಹೇಬರು ಕಾಯುತ್ತಿದ್ದರು. ಮೇಜಿನ ಮೇಲೆ ವಾರಪತ್ರಿಕೆ, ಪಕ್ಕದಲ್ಲಿ ಅವನ ರೀಡಿಂಗ್ ಪುಸ್ತಕ. ಸಾಹೇಬರು ಸಣ್ಣ ಮೈಯ, ನಿಧಾನದ ಮನುಷ್ಯ. ಏನನ್ನೇ ಓದಿದರೂ ಕೆಂಪು ಪೆನ್ಸಿಲಿನಿಂದ ಗೆರೆ ಎಳೆಯುತ್ತಲೇ ಓದುವುದು ಅವರ ಅಭ್ಯಾಸ. 'ಒಮ್ಮೆಯೂ ಇಳಿಯಲಿಲ್ಲ' ಎಂಬುದರ ಕೆಳಗೆ ಎರಡು ಗೆರೆ ಇದ್ದದ್ದು ಬಾಗಿಲಿನಿಂದಲೇ ಕಾಣಿಸಿತು.

ಸೈಕಲ್ ತುಳಿಯುವಾಗ ಅವನು ಒಂದು ಉತ್ತರ ಸಿದ್ಧಮಾಡಿಕೊಂಡಿದ್ದ. ನಾನು ಪ್ರತಿ ತಿಂಗಳೂ ಇಳಿದಿದ್ದೇನೆ ಸಾರ್, ಇಳಿದಿಲ್ಲ ಎಂದು ಬರೆದದ್ದು ಸಾಹಿತ್ಯ ಎಂದ. ಸಾಹೇಬರು ಅದನ್ನು ಒಂದು ಕಾಗದದ ಮೇಲೆ ಬರೆದುಕೊಂಡರು. ಇಳಿದಿದ್ದರೆ ಕೆಳಗೆ ಏನೇನಿದೆ ಎಂದು ಕೇಳಿದರು. ಅವನಿಗೆ ಗೊತ್ತಿದ್ದದ್ದು ಒಂದೇ ನೆಲಮಾಳಿಗೆ. ಹದಿನಾಲ್ಕು ಮೆಟ್ಟಿಲು, ತುಕ್ಕು ಹಿಡಿದ ಕಬ್ಬಿಣದ ಬಾಗಿಲು, ಮೂಲೆಯಲ್ಲಿ ಒಡೆದ ತೊಟ್ಟಿ ಎಂದು ಕಾದಂಬರಿಯ ಮೂರನೆಯ ಅಧ್ಯಾಯವನ್ನೇ ಒಪ್ಪಿಸಿದ. ಸರಪಳಿ ಎನ್ನುವಷ್ಟರಲ್ಲಿ ತಡೆದುಕೊಂಡ. ಸಾಹೇಬರು ಅದನ್ನೂ ಬರೆದುಕೊಂಡು, ಮೂವತ್ತೊಂದು ಏರಿದ ತಿಂಗಳಿನ ಮೇಲೆ ಬೆರಳಿಟ್ಟರು. ಆ ತಿಂಗಳು ಪೈಪು ಒಡೆದಿರಬಹುದು ಸಾರ್ ಎಂದು ಇವನು ಹೇಳಿದ.

ಆಗ ನಮ್ಮ ಕಾದಂಬರಿಕಾರ ಒಂದು ವಿಚಿತ್ರ ಗಮನಿಸಿದ. ಫ್ಯಾನಿನ ಕೆಳಗೆ ಕೂತ ಸಾಹೇಬರೂ ಬೆವರುತ್ತಿದ್ದರು. ಕಾರಣ ಆ ಪುಸ್ತಕದ ಪ್ರತಿ ಪುಟದ ಕೊನೆಯಲ್ಲಿತ್ತು. ಪ್ರತಿ ತಿಂಗಳ ರೀಡಿಂಗಿನ ಕೆಳಗೂ 'ಸ್ಥಳದಲ್ಲಿ ಖುದ್ದಾಗಿ ಪರಿಶೀಲಿಸಿದೆ' ಎಂಬ ಸೀಲಿನ ಮೇಲೆ ಸಾಹೇಬರ ಸಹಿಯಿತ್ತು, ಒಂದೂ ಸೊಟ್ಟಾಗದೆ, ಹನ್ನೊಂದು ಸಲ.

"ನಾಲ್ಕನೇ ತಾರೀಖು ಗುರುವಾರ ಬರುತ್ತೆ" ಎಂದರು ಸಾಹೇಬರು. "ಇಬ್ಬರೂ ಹೋಗಿ ಇಳಿದು ನೋಡಿಬಿಡೋಣ. ಮೀಟರು ನೀವು ಬರೆದಷ್ಟೇ ತೋರಿಸಿದ್ರೆ ನಿಮ್ಮ ಆರ್ಡರಿಗೆ ಅಲ್ಲೇ ಸಹಿ ಹಾಕ್ತೀನಿ. ಇಲ್ಲಾಂದ್ರೆ ಮಾರನೇ ದಿನದಿಂದ ನೀವು ಬರೋದು ಬೇಡ."

ಮಧ್ಯದ ಎರಡು ದಿನ ಅವನು ಊಟವನ್ನು ತಟ್ಟೆಯಲ್ಲೇ ಕಲಸುತ್ತಿದ್ದ, ಬಾಯಿಗೆ ಹೋಗುತ್ತಿರಲಿಲ್ಲ. ಮುಂಚಿತವಾಗಿ ಒಬ್ಬನೇ ಹೋಗಿ ಇಳಿದು ನೋಡಿಬರಲು ಹೆಂಡತಿ ಹೇಳಿದಳು. ಎರಡು ಸಲ ಆ ರಸ್ತೆಯ ತುದಿಯವರೆಗೆ ಹೋಗಿ, ಸೈಕಲ್ ಪಂಕ್ಚರಾಯಿತೆಂದು ವಾಪಸು ಬಂದ. ಎರಡನೆಯ ಸಲ ಪಂಕ್ಚರ್ ಮಾಡಿದ್ದು ಅವನೇ.

ಗುರುವಾರ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಸಾಹೇಬರು ಬಗಲಲ್ಲಿ ಫೈಲು, ಕೈಯಲ್ಲಿ ಟಾರ್ಚು ಹಿಡಿದು ಆ ಮನೆಯ ಮುಂದೆ ಇಳಿದರು. ಅಲ್ಲಿ ಆಗಲೇ ಟೈಲರ್ ಇದ್ದ. ನಿಜವಾದ ನೆಲಮಾಳಿಗೆ ಬೇರೆ ಎಂಬುದಕ್ಕೆ ಸಾಕ್ಷಿಯಾಗಲು ಅಂಗಡಿಗೆ ಬಾಗಿಲು ಹಾಕಿ ಬಂದಿದ್ದ. ಅತ್ತೆಯೂ ಇದ್ದರು, ಅಳಿಯನ ಪ್ರೇರಣೆಯನ್ನು ಕಣ್ಣಾರೆ ನೋಡಲು ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಅವರನ್ನು ಮಾತಾಡಗೊಡದೆ ಹಿಡಿದಿಡಲು ಹೆಂಡತಿ ಶಾಲೆಗೆ ಅರ್ಧ ದಿನ ರಜೆ ಹಾಕಿದ್ದಳು.

ಬಾಗಿಲು ತಟ್ಟಬೇಕಾಗಲಿಲ್ಲ. ಐವತ್ತರ ಆಸುಪಾಸಿನ, ಗಟ್ಟಿ ಮೈಕಟ್ಟಿನ ಹೆಂಗಸೊಬ್ಬರು ಬಾಗಿಲಲ್ಲೇ ನಿಂತಿದ್ದರು. ದೊಡ್ಡಾಸ್ಪತ್ರೆಯ ನರ್ಸಮ್ಮ. ಇಪ್ಪತ್ತೆಂಟು ವರ್ಷ ರಾತ್ರಿ ಪಾಳಿಯಲ್ಲಿ ದುಡಿದವರು, ಜೋರು ದನಿಯವರು, ಆದರೆ ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಸಾಹೇಬರು ತಾವು ಯಾವ ಕಚೇರಿಯವರೆಂದು ಹೇಳುವ ಮೊದಲೇ ಆಕೆ, ನೀವು ಬಂದದ್ದು ಒಳ್ಳೆಯದಾಯಿತು, ಇವತ್ತೇ ತಾರೀಖು, ಇದೇ ಹೊತ್ತು, ಬನ್ನಿ ಒಳಗೆ ಎಂದುಬಿಟ್ಟರು. ಇಬ್ಬರಿಗೂ ಅರ್ಥವಾಗಲಿಲ್ಲ. ಸರ್ಕಾರಿ ಕೆಲಸದಲ್ಲಿ ಅರ್ಥವಾಗದ್ದನ್ನು ಕೇಳುವ ಪದ್ಧತಿಯಿಲ್ಲವಾದ್ದರಿಂದ ಸುಮ್ಮನೆ ಹಿಂದೆ ಹೋದರು.

ಮೆಟ್ಟಿಲ ತಲೆಗೆ ಬಂದು ನಿಂತಾಗ ಸಾಹೇಬರು, ನಿಮ್ಮ ಸುತ್ತು, ನೀವೇ ಮುಂದೆ ನಡೆಯಿರಿ ಎಂದರು. ಇವನು, ತಾವು ಹಿರಿಯರು ಎಂದ. ಟಾರ್ಚು ಒಬ್ಬರ ಕೈಯಿಂದ ಒಬ್ಬರ ಕೈಗೆ ಮೂರು ಸಲ ಹೋಯಿತು. ನರ್ಸಮ್ಮ ಇಬ್ಬರ ನಡುವೆ ತೂರಿ, ಗೋಡೆಯ ಮೇಲಿನ ಸ್ವಿಚ್ಚು ಒತ್ತಿದರು. ಕೆಳಗೆ ದೀಪ ಹತ್ತಿತು.

ಮೆಟ್ಟಿಲು ಒಂಬತ್ತೇ ಇದ್ದವು. ಕೆಳಗೆ ಸುಣ್ಣ ಬಳಿದ ಚೊಕ್ಕವಾದ ಕೋಣೆ, ಒಂದು ಮಂಚ, ಹೂವಿನ ಚಿತ್ತಾರದ ಹೊದಿಕೆ, ಸ್ಟೂಲಿನ ಮೇಲೆ ನೀರಿನ ಹೂಜಿ. ಕಿಟಕಿಗೆ ದಪ್ಪ ಪರದೆ ಹಾಕಿತ್ತು. ರಾತ್ರಿಯೆಲ್ಲ ದುಡಿದು ಬರುವವರು ಹಗಲು ಮಲಗುವುದೆಲ್ಲಿ, ಮೇಲೆ ಬೀದಿಯ ಗದ್ದಲ, ಆದ್ದರಿಂದ ಇಲ್ಲಿ ಮಲಗುತ್ತೇನೆ ಎಂದು ನರ್ಸಮ್ಮ ವಿವರಿಸಿದರು. ನಮ್ಮ ಕಾದಂಬರಿಕಾರ ಮಂಚವನ್ನು ನೋಡಿದ, ದಿಂಬನ್ನು ನೋಡಿದ, ಆಕೆಯ ಅಗಲವಾದ ಎದೆಯನ್ನೂ ಮೂಗನ್ನೂ ನೋಡಿದ. ಆ ಗೊರಗೊರ ಸದ್ದು ಏನೆಂದು ಅವನಿಗೆ ಆಗ ತಿಳಿಯಿತು. ನಾನೂರು ಪುಟ ಅವನು ಬರೆದದ್ದು ಒಬ್ಬ ದಣಿದ ಹೆಂಗಸಿನ ಗೊರಕೆಯ ಮೇಲೆ.

ಸಾಹೇಬರು ಟಾರ್ಚು ಬಿಟ್ಟು ನಾಲ್ಕೂ ಗೋಡೆ ಹುಡುಕಿದರು. ಮೀಟರು ಇರಲಿಲ್ಲ. ಒಂದು ಮೂಲೆಯಲ್ಲಿ ಪೈಪಿನ ತುದಿಗೆ ಬಿರಡೆ ಬಡಿದಿತ್ತು.

"ಮೀಟರಾ?" ಎಂದರು ನರ್ಸಮ್ಮ. "ಅದನ್ನ ನಿಮ್ಮವರೇ ಕಿತ್ತು ಗೇಟಿನ ಪಕ್ಕ ಹಾಕಿ ವರ್ಷದ ಮೇಲಾಯ್ತಲ್ಲ. ಕಾಗದ ಕೊಟ್ಟಿದ್ದಾರೆ, ಇರಿ."

ಆಕೆ ಡಬ್ಬಿಯೊಳಗಿಂದ ತೆಗೆದುಕೊಟ್ಟ ಕಾಗದ ಮೀಟರು ಸ್ಥಳಾಂತರದ ಆದೇಶ. ಕೆಳಗೆ ಸಾಹೇಬರದೇ ಸಹಿ. ಹದಿಮೂರು ತಿಂಗಳ ಹಿಂದೆ ತಾವೇ ಕೀಳಿಸಿದ ಮೀಟರನ್ನು ಸಾಹೇಬರು ಆಮೇಲೆ ಹನ್ನೊಂದು ಸಲ ಸ್ಥಳದಲ್ಲಿ ಖುದ್ದಾಗಿ ಪರಿಶೀಲಿಸಿದ್ದರು. ಅವರು ಆದೇಶವನ್ನು ಎರಡು ಸಲ ಓದಿದರು. ಪೆನ್ಸಿಲು ಕೈಯಲ್ಲಿದ್ದರೂ ಗೆರೆ ಎಳೆಯಲಿಲ್ಲ.

ಎಲ್ಲರೂ ಗೇಟಿನ ಬಳಿ ಬಂದರು. ಇಷ್ಟು ತಿಂಗಳೂ ನಮ್ಮ ಕಾದಂಬರಿಕಾರ ಸೈಕಲ್ ಒರಗಿಸುತ್ತಿದ್ದ ಕಬ್ಬಿಣದ ಪೆಟ್ಟಿಗೆಯೇ ಮೀಟರು. ಮುಚ್ಚಳ ಎತ್ತಿದರೆ ಎಂಬತ್ತೇಳು ಎಂದಿತ್ತು. ಪುಸ್ತಕದಲ್ಲಿ ನಾನ್ನೂರ ಹನ್ನೆರಡು ಎಂದಿತ್ತು. ಇನ್ನು ಮುಗಿಯಿತು ಎಂದುಕೊಂಡು ಅವನು ಹೆಂಡತಿಯ ಕಡೆ ನೋಡಿದ. ಆಕೆ ತಾಯಿಯ ಕೈ ಬಿಗಿಯಾಗಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು.

ಆದರೆ ಸಾಹೇಬರು ಅವನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದರು. ಹಳೆಯ ಮೀಟರಿನ ಅಂಕಿ ಕಣ್ತಪ್ಪಿನಿಂದ ಮುಂದುವರಿದಿದೆ ಎಂದು ನಾನು ಬರೆಯುತ್ತೇನೆ, ಕಾಗದದ ತಪ್ಪು, ಮನುಷ್ಯರದ್ದಲ್ಲ ಎಂದು ಪಿಸುಗುಟ್ಟಿದರು. ಪತ್ರಿಕೆಗೆ ನೀವು ಒಂದು ಸಾಲು ಬರೆಯಿರಿ, ಆ ಲೇಖನವೂ ಕಲ್ಪನೆ, ಅಂಥ ಮೆಟ್ಟಿಲೇ ಇಲ್ಲ, ಅಲ್ಲಿ ನೀವು ನಿಂತೇ ಇಲ್ಲ ಎಂದು. ಇಷ್ಟು ಹೇಳಿ ಫೈಲಿನಿಂದ ಖಾಯಂ ಆದೇಶ ತೆಗೆದು, ಮೀಟರಿನ ಪೆಟ್ಟಿಗೆಯ ಮೇಲೆ ಹರಡಿ, ಪೆನ್ನಿನ ಮುಚ್ಚಳ ಬಿಚ್ಚಿದರು. ಒಂಬತ್ತು ವರ್ಷದ ಸಹಿ ಒಂದು ಗೇಣು ದೂರದಲ್ಲಿತ್ತು. ಅಂಥ ಮೆಟ್ಟಿಲು ಈ ಲೋಕದಲ್ಲೇ ಇಲ್ಲವೆಂದು ಬರೆದುಕೊಡಲು ನಮ್ಮವನು ಆ ಕ್ಷಣ ಪೂರ್ತಿ ಸಿದ್ಧನಾಗಿದ್ದ.

"ಸಾರ್, ನೀವು ಅದಕ್ಕೇ ಬಂದ್ರಿ ಅಂದುಕೊಂಡಿದ್ದೆ, ನನ್ನ ದೂರು ಕೇಳಲೇ ಇಲ್ಲವಲ್ಲ" ಎಂದರು ನರ್ಸಮ್ಮ.

ಆಕೆ ಹೇಳಿದ್ದು ಇಷ್ಟು. ಹನ್ನೊಂದು ತಿಂಗಳಿಂದ, ತಿಂಗಳಿಗೊಂದು ದಿನ, ನಾಲ್ಕನೆಯ ತಾರೀಖು, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನಿದ್ದೆಯ ನಡುವೆ ಎಚ್ಚರವಾಗುತ್ತದೆ. ಮೆಟ್ಟಿಲ ತಲೆಯಲ್ಲಿ ಏನೋ ನಿಂತಿರುತ್ತದೆ. ಇಳಿಯುವುದಿಲ್ಲ, ಹೋಗುವುದೂ ಇಲ್ಲ, ಹುಸ್ ಹುಸ್ ಎಂದು ಏದುಸಿರು ಬಿಡುತ್ತದೆ. ಕೊನೆಗೆ ತನ್ನಷ್ಟಕ್ಕೆ ಒಂದು ಸಂಖ್ಯೆ ಹೇಳಿಕೊಂಡು, ಏನನ್ನೋ ಕೆರೆದು, ಓಡಿಹೋಗುತ್ತದೆ. ಹೋದ ತಿಂಗಳು ನಾನ್ನೂರ ಹನ್ನೆರಡು ಎಂದಿತ್ತು. ಆಕೆ ಎದ್ದು ಬರುವಷ್ಟರಲ್ಲಿ ಓಣಿ ಖಾಲಿ. ಗಂಡನಿಗೆ ಹೇಳಿದರೆ ಆತ ನಕ್ಕರು. ಜೊತೆಯ ನರ್ಸಿಗೆ ಹೇಳಿದರೆ ಆಕೆ ಮೇಟ್ರನ್‌ಗೆ ಹೇಳಿದಳು. ಇಲ್ಲದ ಸದ್ದು ಕೇಳಿಸುವವರ ಕೈಗೆ ರೋಗಿಗಳನ್ನು ಕೊಡುವುದು ಹೇಗೆಂದು ಮೇಟ್ರನ್ ಅವರನ್ನು ವಾರ್ಡಿನಿಂದ ತೆಗೆದು ಎರಡು ವಾರವಾಗಿತ್ತು. ಬರುವ ಸೋಮವಾರ ವೈದ್ಯರ ಮಂಡಳಿ ಆಕೆಯ ತಲೆ ಸರಿಯಿದೆಯೇ ಎಂದು ಪರೀಕ್ಷಿಸಲಿತ್ತು.

"ಇಪ್ಪತ್ತೆಂಟು ವರ್ಷ ಸಾಯೋರ ಪಕ್ಕ ಒಬ್ಬಳೇ ಕೂತಿದೀನಿ, ಒಂದು ದಿನ ಹೆದರಿದವಳಲ್ಲ" ಎಂದರು ಆಕೆ. ಆ ಜೋರು ದನಿ ಅಲ್ಲಿ ಸ್ವಲ್ಪ ಒಡೆಯಿತು. "ಈಗ ನನ್ನ ಕಿವೀನೇ ನಾನು ನಂಬ್ತಾ ಇಲ್ಲ. ಅದು ನಿಜವಾಗ್ಲೂ ಇತ್ತಾ, ಇಲ್ವಾ, ಅಷ್ಟು ಯಾರಾದ್ರೂ ಹೇಳಿದ್ರೆ ಸಾಕು."

ಸಾಹೇಬರು ಲೇಖನ ಓದಿದವರು. ತಾರೀಖೂ ಗಂಟೆಯೂ ಅವರಿಗೆ ಕೆಂಪು ಗೆರೆಯ ಸಮೇತ ನೆನಪಿತ್ತು. ಅವರು ಕೆಮ್ಮಿದರು. ಇದೆಲ್ಲ ಕೆಲಸದ ಒತ್ತಡ ತಾಯಿ, ವಿಶ್ರಾಂತಿ ತಗೊಳ್ಳಿ, ನಮ್ಮ ಇಲಾಖೆಗೆ ಇದು ಬರುವುದಿಲ್ಲ ಎಂದು ಹೇಳುತ್ತ, ನಮ್ಮವನ ಕಡೆ ತಿರುಗಿ ತುಟಿಯ ಮೇಲೆ ಪೆನ್ನು ಇಟ್ಟು ತೋರಿಸಿದರು.

ನಮ್ಮ ಕಾದಂಬರಿಕಾರ ಪೆನ್ನನ್ನು ನೋಡಿದ. ಜನರನ್ನು ಹೆದರಿಸಬೇಕೆಂದು ಕುಳಿತು ಬರೆದವನೇ ಅವನು, ಹೆದರಿದೆವೆಂದು ಕಾಗದ ಬಂದಾಗಲೆಲ್ಲ ಹಿಗ್ಗಿದವನು. ಹೆದರಿದ ಮುಖವೊಂದನ್ನು ಇಷ್ಟು ಹತ್ತಿರದಿಂದ ಈವರೆಗೆ ನೋಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಕೆಲಸ ಹೋಗುವ ಭಯಕ್ಕಿಂತ ಜೋರಾದ ನಾಚಿಕೆ.

"ಅಮ್ಮಾ, ಅದು ನಾನೇ" ಎಂದ.

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು.

ನರ್ಸಮ್ಮ ಸುಲಭಕ್ಕೆ ನಂಬುವವರಲ್ಲ. ಬರೀ ನನ್ನ ಸಮಾಧಾನಕ್ಕೆ ಹೇಳುತ್ತಿದ್ದೀರಿ, ನಿಜವಾದರೆ ನಿಂತು ತೋರಿಸಿ ಎಂದರು. ತಾವು ಕೆಳಗೆ ಹೋಗಿ ದೀಪ ಆರಿಸಿ, ಮಂಚದ ಮೇಲೆ ಕಣ್ಣುಮುಚ್ಚಿ ಮಲಗಿದರು. ಅವನು ಮೆಟ್ಟಿಲ ತಲೆಯಲ್ಲಿ ನಿಂತು ಏದುಸಿರು ಬಿಟ್ಟ. ಇಷ್ಟು ಮೆತ್ತಗಲ್ಲ ಎಂದು ಕೆಳಗಿನಿಂದ ಅಪ್ಪಣೆಯಾಯಿತು. ಇನ್ನೂ ಜೋರಾಗಿ ಬಿಟ್ಟ. ಕಾದಂಬರಿಕಾರನೊಬ್ಬ ಹೀಗೆ ತನ್ನ ಪ್ರೇರಣೆಯ ಸ್ಥಳದಲ್ಲಿ, ಮೇಲಧಿಕಾರಿ, ಟೈಲರ್ ಮತ್ತು ಅತ್ತೆಯ ಸಮ್ಮುಖದಲ್ಲಿ ಏದುಸಿರು ಬಿಟ್ಟ ಉದಾಹರಣೆ ನಮಗೆ ಬೇರೆಲ್ಲೂ ಸಿಕ್ಕಿಲ್ಲ. ಅಳಿಯನಿಗೆ ಉಬ್ಬಸವಿದೆಯೇ ಎಂದು ಅತ್ತೆ ಮಗಳನ್ನು ಕೇಳಿದರು. ಅವನು ಕೊನೆಗೆ ಪುಸ್ತಕದ ಮೇಲೆ ಪೆನ್ಸಿಲು ಗೀಚಿ, ನಾನ್ನೂರ ಹನ್ನೆರಡು ಎಂದ.

ಕೆಳಗಿನಿಂದ ಆಕೆ ಅಳುತ್ತಿರುವುದು ಕೇಳಿಸಿತು. ಹೆಂಡತಿ ತಾಯಿಯ ಕೈಬಿಟ್ಟು, ಗಂಡನನ್ನು ಸರಿಸಿ, ಆ ಒಂಬತ್ತು ಮೆಟ್ಟಿಲನ್ನು ಇಳಿದು ಹೋದಳು.

ಸೋಮವಾರದ ಹೊತ್ತಿಗೆ ಆಗುವುದೆಲ್ಲ ಆಗಿತ್ತು. ಅವನನ್ನು ಸುತ್ತಿನಿಂದ ತೆಗೆದು ಲಕೋಟೆಗಳಿಗೆ ಅಂಟು ಹಚ್ಚುವ ಮೇಜಿಗೆ ಹಾಕಿದ್ದರು. ಖಾಯಂ ಆಗುವುದು ಮೂರು ವರ್ಷ ಮುಂದೆ ಹೋಗಿತ್ತು. ಪೂರ್ತಿ ಮನೆಗೆ ಕಳಿಸಬಹುದಿತ್ತು. ಹಾಗೆ ಮಾಡಿದರೆ ಸೀಲಿನ ವಿಚಾರವೂ ಮೇಲೆ ಬರುತ್ತಿದ್ದುದರಿಂದ ಸಾಹೇಬರ ಮನಸ್ಸು ಅಷ್ಟಕ್ಕೇ ಕರಗಿತು. ಅತ್ತೆ ಪಾರ್ಕಿಗೆ ಹೋಗುವುದನ್ನು ನಿಲ್ಲಿಸಿದ್ದರು. ಹೆಂಡತಿ ಮಾತ್ರ ಅವನ ಅಂಗಿಗೆ ಇಸ್ತ್ರಿ ಹಾಕಿ, ಸಾಕ್ಷಿ ಹೇಳಿ ಬಾ ಎಂದು ಆಸ್ಪತ್ರೆಗೆ ಕಳಿಸಿದಳು.

ಮಂಡಳಿಯೆಂದರೆ ಮೂವರು ವೈದ್ಯರು, ಒಂದು ಉದ್ದ ಮೇಜು. ನಡುವೆ ಕೂತಿದ್ದ ಹಿರಿಯ ವೈದ್ಯರ ಮುಂದೆ ಕಾಗದದ ರಾಶಿಯಿತ್ತು. ಅವರು ಮಾತಾಡುತ್ತಲೇ ಒಂದೊಂದಕ್ಕೂ ಸಹಿ ಹಾಕಿ ಪಕ್ಕಕ್ಕೆ ಸರಿಸುತ್ತಿದ್ದರು. ನರ್ಸಮ್ಮ ಒಂದು ಕುರ್ಚಿಯಲ್ಲಿ, ನಮ್ಮ ಕಾದಂಬರಿಕಾರ ಇನ್ನೊಂದರಲ್ಲಿ.

ಅಲ್ಲಿ ನಿಂತು ಏನು ಮಾಡುತ್ತಿದ್ದಿರಿ ಎಂದು ವೈದ್ಯರು ಕೇಳಿದರು. ಹೆದರುತ್ತಿದ್ದೆ ಎಂದ. ಯಾರಿಗೆ ಎಂದರು. ಅವನು ನರ್ಸಮ್ಮನ ಕಡೆ ಬೆರಳು ತೋರಿಸಿದ. ನೀವು ಯಾರಿಗೆ ಹೆದರಿದ್ದು ಎಂದು ವೈದ್ಯರು ಆಕೆಯನ್ನು ಕೇಳಿದರು. ಆಕೆ ಅವನ ಕಡೆ ಬೆರಳು ತೋರಿಸಿದರು. ಪಕ್ಕದ ಇಬ್ಬರು ವೈದ್ಯರು ಕರವಸ್ತ್ರ ಹುಡುಕಿಕೊಂಡರು. ಹಿರಿಯರು ನಗಲಿಲ್ಲ. ಮೇಲಿದ್ದ ಕಾಗದವನ್ನು ಹತ್ತಿರ ಎಳೆದುಕೊಂಡರು. ಅದು ನರ್ಸಮ್ಮನದೇ, ಮೇಟ್ರನ್ ಮೊದಲೇ ಬರೆದಿಟ್ಟದ್ದು: ಇವರು ಕೆಲಸಕ್ಕೆ ಯೋಗ್ಯರಲ್ಲ ಎಂದು. ವೈದ್ಯರು ಅಭ್ಯಾಸದ ಮೇಲೆ ಪೆನ್ನೆತ್ತಿ, ಸುಮ್ಮನೆ ಮಾತಿಗೆಂಬಂತೆ, ಇದನ್ನೆಲ್ಲ ಹೇಳಿ ನಿಮ್ಮ ನೌಕರಿಗೆ ನೀವೇ ಕಲ್ಲು ಹಾಕಿಕೊಂಡಿರಲ್ಲ, ಯಾಕೆ ಎಂದು ಕೇಳಿದರು.

ನಮ್ಮ ಕಾದಂಬರಿಕಾರ ಈ ಸಲ ಯಾವ ಉತ್ತರವನ್ನೂ ಸಿದ್ಧಮಾಡಿಕೊಂಡು ಬಂದಿರಲಿಲ್ಲ.

"ಹನ್ನೊಂದು ತಿಂಗಳು ಇವರು ನಿಜ ಹೇಳಿದ್ರು ಸಾರ್, ಒಬ್ಬರೂ ನಂಬಲಿಲ್ಲ. ಹನ್ನೊಂದು ತಿಂಗಳು ನಾನು ಸುಳ್ಳು ಬರೆದೆ, ಓದದೇನೇ ಸಹಿ ಹಾಕಿದ್ರು."

ವೈದ್ಯರ ಪೆನ್ನು ಕಾಗದದ ಮೇಲೆ ಅಲ್ಲೇ ನಿಂತಿತು. ಅವರು ಅದನ್ನು ಮೇಜಿನ ಮೇಲಿಟ್ಟು, ಕನ್ನಡಕ ಸರಿಮಾಡಿಕೊಂಡು, ಮುಂದಿದ್ದ ಹಾಳೆಯನ್ನು ಮೊದಲ ಸಾಲಿನಿಂದ ಓದತೊಡಗಿದರು.